ಕಂಬದ ಮರೆಯ ಕಟ್ಟೆ

ಬೆಳಿಗ್ಗೆ ಒಂಬತ್ತೂವರೆಗೆ ನಾನು ಪಾತ್ರೆ ತೊಳೆಯಲು ನಿಲ್ಲುತ್ತಿದ್ದೆ. ಆ ಹೊತ್ತಿಗೇ ನಿಲ್ಲುವುದಕ್ಕೆ ಕಾರಣವಿತ್ತು: ಆಗ ರಸ್ತೆಯಾಚೆಯ ಇಳಿಜಾರಿನಲ್ಲಿ ನನ್ನ ಗಂಡನೂ ಅವರ ಹೊಸ ಮೇಡಮ್ಮೂ ಅಳತೆ ತೆಗೆಯುತ್ತಿರುತ್ತಿದ್ದರು. ಅಡುಗೆಮನೆ ಕಿಟಕಿಗೆ ಆ ಇಳಿಜಾರು ಪಕ್ಕದಿಂದ ಕಾಣುತ್ತಿತ್ತು. ಬಲಕ್ಕೆ ನೆತ್ತಿ, ಎಡಕ್ಕೆ ತಗ್ಗು.

ಇವರು ರಸ್ತೆ ಇಲಾಖೆಯಲ್ಲಿ ಸರ್ವೇಯರ್. ಆಕೆ ಮಣ್ಣಿನ ಬಗ್ಗೆಯೇ ಓದಿದ ಇಂಜಿನಿಯರ್. ನೆತ್ತಿಯಲ್ಲಿ ಬಿರುಕು ಬಿಟ್ಟ ಮೇಲೆ ಬಂದವಳು, ಹನ್ನೊಂದು ಗೂಟ ಹೊಡೆಸಿ, ನಡುವೆ ಎದೆಮಟ್ಟದ ಒಂದು ಕಿರಿದಾದ ಸಿಮೆಂಟ್ ಕಟ್ಟೆ ಕಟ್ಟಿಸಿದಳು. ಕಟ್ಟೆಯ ಮೇಲೆ ಯಂತ್ರವಿಟ್ಟು ದಿನವೂ ಅಲ್ಲಿಂದ ಪ್ರತಿ ಗೂಟಕ್ಕಿರುವ ದೂರ ಅಳೆಯುವುದು. ದೂರ ಬದಲಾದರೆ ಮಣ್ಣು ಜಾರುತ್ತಿದೆ ಎಂದರ್ಥ. ಇದೆಲ್ಲ ನನಗೆ ಗೊತ್ತಾದದ್ದು ಇವರು ಊಟಕ್ಕೆ ಕೂತಾಗ ಮಾಡುವ ಮೇಡಂ ಜಪದಿಂದ.

"ಗುಡ್ಡ ಒಂದೇ ಸಲ ಬೀಳಲ್ವಂತೆ ಕಣೆ. ಮೊದಲು ತೆವಳುತ್ತಂತೆ, ಯಾರಿಗೂ ಗೊತ್ತಾಗದ ಹಾಗೆ."

"ಹೌದಾ," ಎಂದೆ. ಹಾಗೆ ತೆವಳುವುದು ಗುಡ್ಡವೊಂದೇ ಅಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಐದು ವಾರ ಆಯ್ತು, ಒಂದು ಗೂಟಾನೂ ಕೂದಲೆಳೆಯಷ್ಟು ಅಲ್ಲಾಡಿಲ್ಲ. ಮೇಡಂ ಲೆಕ್ಕ ಅಂದ್ರೆ ಲೆಕ್ಕ!"

ನಾನೂ ಗಣಿತದಲ್ಲಿ ಪದವಿ ಪಡೆದವಳೇ. ಹದಿನಾಲ್ಕು ವರ್ಷದಲ್ಲಿ ನನ್ನ ಯಾವ ಲೆಕ್ಕವನ್ನೂ ಇವರು ಹೀಗೆ ಹೊಗಳಿದ್ದಿಲ್ಲ.

ನನ್ನ ಇನ್ನೊಂದು ಶತ್ರು ನಮ್ಮ ಗೇಟಿನ ಮುಂದಿನ ದೀಪದ ಕಂಬ. ಎಡ ಭುಜವನ್ನು ಗೋಡೆಗೆ ಆನಿಸಿ ನಿಂತರೆ ಕಿಟಕಿಯ ಮೂರನೆಯ ಸರಳು, ಆ ಕಂಬ, ಅದರ ಹಿಂದೆ ಕಟ್ಟೆ, ಮೂರೂ ಒಂದೇ ನೇರಕ್ಕೆ ಬರುತ್ತಿದ್ದವು. ಇಬ್ಬರೂ ಕಟ್ಟೆಯ ಆಚೀಚೆ ನಿಂತರೆ ಮುಖಗಳು ಕಾಣುತ್ತಿದ್ದವು, ನಗು ಕಾಣುತ್ತಿತ್ತು. ಫ್ಲಾಸ್ಕಿನ ಮುಚ್ಚಳದಲ್ಲಿ ಆಕೆ ಚಹಾ ನೀಡುವಾಗ ಮಾತ್ರ ಕೊಡುವ ಕೈ, ತೆಗೆದುಕೊಳ್ಳುವ ಕೈ ಎರಡೂ ಕಂಬದ ಮರೆ. ಆ ಒಂದು ಗೇಣು ಜಾಗದಲ್ಲಿ ಏನು ನಡೆಯುತ್ತದೆಂದು ಯೋಚಿಸುತ್ತ ನಾನು ಐದು ವಾರ ಬಾಣಲೆ ತಿಕ್ಕಿದೆ.

"ಆ ಬಾಣಲೆ ನಿನಗೇನು ಮಾಡಿತ್ತೇ?" ಎಂದು ಅತ್ತೆ ಕೇಳಿದರು. "ತಳ ಹೋದೀತು, ಬಿಡು."

ಮಂಗಳವಾರ ಕೈಗಳು ಕಂಡವು. ಇವರು ಮುಚ್ಚಳ ತೆಗೆದುಕೊಂಡರು, ಅಷ್ಟೆ. ಬೆರಳಿಗೆ ಬೆರಳು ತಾಗಲಿಲ್ಲ. ಹಾಯೆನಿಸಿತು. ಬಾಣಲೆ ಬೋರಲು ಹಾಕುವಾಗ ಪ್ರಶ್ನೆ ಹೊಳೆಯಿತು. ಇಂದು ಕಂಡದ್ದು ಹೇಗೆ?

ಮತ್ತೆ ಗೋಡೆಗೆ ಭುಜ ಕೊಟ್ಟು ನೋಡಿದೆ. ಸರಳು, ಕಂಬ ಸರಿಯಾಗಿಯೇ ಇದ್ದವು. ಕಟ್ಟೆ ಕಂಬದ ಎಡಕ್ಕೆ, ತಗ್ಗಿನ ಕಡೆಗೆ ಬಂದಿತ್ತು. ನಮ್ಮ ಮನೆ ನಿಂತಿರುವುದು ಬಂಡೆಯ ಮೇಲೆ. ಹಾಗಾದರೆ ಕಟ್ಟೆಯೂ ಗೂಟಗಳೂ ಒಟ್ಟಿಗೇ ಜಾರುತ್ತಿವೆ. ಒಂದೇ ಬಸ್ಸಿನಲ್ಲಿ ಕೂತವರು ತಮ್ಮ ನಡುವಿನ ದೂರ ಅಳೆದು, ಬಸ್ಸು ಹೊರಟೇ ಇಲ್ಲ ಎಂದಂತೆ!

ಮಧ್ಯಾಹ್ನ ಇವರಿಗೆ ಹೇಳಿದೆ. ನಕ್ಕುಬಿಟ್ಟರು.

"ಹೊಟ್ಟೆಕಿಚ್ಚಿಗೆ ಗುಡ್ಡಾನೇ ಜರುಗಿಸ್ತೀಯಲ್ಲೇ!"

"ಮೇಡಂಗೆ ಒಂದು ಮಾತು ಹೇಳಿ ನೋಡಿ."

"ಏನಂತ ಹೇಳ್ಲಿ? ನನ್ನ ಹೆಂಡ್ತಿ ದಿನಾ ಕಿಟಕೀಲಿ ನಿಂತು ನಿಮ್ಮನ್ನ ಕಾಯ್ತಾಳೆ ಅಂತಾನಾ?"

ಬಾಯಿ ಮುಚ್ಚಿಕೊಂಡೆ. ಬುಧವಾರವೂ ಮುಚ್ಚಿಕೊಂಡೇ ಇದ್ದೆ. ಆಕೆಯ ತಪ್ಪು ಹಿಡಿಯುವ ಆಸೆಗೆ ಕಣ್ಣೇ ಸುಳ್ಳು ಹೇಳುತ್ತಿದ್ದರೆ?

ಗುರುವಾರ ಕಂಬಕ್ಕೂ ಕಟ್ಟೆಗೂ ನಡುವೆ ಹುಲ್ಲು ಕಾಣುತ್ತಿತ್ತು. ಇವರು ಆಗಲೇ ಮೇಲೆ ಹತ್ತಿ ಯಂತ್ರ ಹೂಡುತ್ತಿದ್ದರು. ಐದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಆಕೆಯ ಜೀಪು ಗೇಟಿನ ಮುಂದೆ ಬಂದು ನಿಂತಿತು. ಒದ್ದೆ ಕೈಯಲ್ಲೇ ಓಡಿದೆ.

"ಮೇಡಂ, ಒಂದ್ನಿಮಿಷ ಒಳಗೆ ಬನ್ನಿ."

ಭುಜ ಹಿಡಿದು ಆಕೆಯನ್ನು ನನ್ನ ಜಾಗದಲ್ಲಿ ನಿಲ್ಲಿಸಿದೆ. ಆಕೆ ಒಂದು ಕಣ್ಣು ಮುಚ್ಚಿ ನೋಡಿದಳು.

"ಮೊದಲು ಎಲ್ಲಿತ್ತು?"

"ಕಂಬದ ಹಿಂದೆ, ಪೂರ್ತಿ."

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಾ? ಬರೆದಿಟ್ಟಿದ್ರಾ?"

ಬಾಗಿಲಲ್ಲಿ ಅತ್ತೆ ಬಂದು ನಿಂತಿದ್ದರು. ಅಳೆದು ತೂಗಿ ಮಾತಾಡುವವಳೆಂದು ನನಗೆ ಹೆಸರಿದೆ. ಅಂದು ಅಳೆಯದೆ ತೂಗದೆ ಹೇಳಿಬಿಟ್ಟೆ.

"ನೀವು ಇವರಿಗೆ ಚಹಾ ಕೊಡೋವಾಗ ನಿಮ್ಮಿಬ್ಬರ ಕೈ ಕಾಣ್ತಿರ್ಲಿಲ್ಲ ಮೇಡಂ. ಕಾಣ್ಬೇಕು ಅಂತ ದಿನಾ ನೋಡ್ತಿದ್ದೆ."

ಆಕೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಫೋನಿನ ಗುಂಡಿ ಒತ್ತಿದ್ದು ಕೇಳಿಸಿತು. ಇವರು ಮೊದಲ ಗಂಟೆಗೇ ಎತ್ತಿದರು.

"ಯಂತ್ರ ಅಲ್ಲೇ ಬಿಡಿ. ಮಣ್ಣಿನ ಮೇಲೆ ಬೇಡ, ಆಚೆ ಅಂಚಿನ ಬಂಡೆ ಮೇಲಿಂದ ಇಳಿದು ಬನ್ನಿ. ಈಗ್ಲೇ."

ಏಕೆಂದು ಕೇಳಲಿಲ್ಲ. ಮನೆಯವರಾರಿಗೂ ಮುಟ್ಟಲು ಬಿಡದ ಆ ಯಂತ್ರವನ್ನು ಬಿಟ್ಟು, ಹೇಳಿದ ದಾರಿಯಲ್ಲೇ ಇಳಿದು ಬಂದರು. ಬಂಡೆಯ ಮೇಲೆ ಇವರ ಪಾದ ಬಿದ್ದಾಗ ನಾನು ಅಲ್ಲೇ ನೆಲದ ಮೇಲೆ ಕೂತೆ. ಕೂತವಳಿಗೆ ಮೊದಲು ಬಂದ ಯೋಚನೆ ಇದು: ಆಕೆ ಕರೆದರೆ ಎಷ್ಟು ಬೇಗ ಬಂದರು!

ಅಂದೇ ರಸ್ತೆ ಮುಚ್ಚಿಸಿದರು. ನಾಲ್ಕನೆಯ ದಿನ ಹಾಡಹಗಲೇ ಇಳಿಜಾರು ಕಟ್ಟೆ, ಗೂಟ, ಯಂತ್ರಗಳ ಸಮೇತ ಕುಸಿದು ರಸ್ತೆಯ ಮೇಲೆ ಕೂತಿತು. ಒಬ್ಬರಿಗೂ ಗಾಯವಾಗಲಿಲ್ಲ.

ಸಂಜೆ ಇವರು ಮಣ್ಣು ಮೆತ್ತಿದ ಬೂಟು ಕಳಚುತ್ತ ಹೇಳಿದರು: "ಕಟ್ಟೆ ಕಟ್ಟಿಸಿದ ಜಾಗಾನೇ ತಪ್ಪು, ಅದು ನನ್ನದೇ ತಪ್ಪು ಅಂತ ಎಲ್ಲರ ಮುಂದೆ ಒಪ್ಕೊಂಡ್ರು ಮೇಡಂ. ಸರ್ವೇಯರ್ ಮನೆಯವರು ಕಂಬದ ನೇರ ನೋಡಿ ಹೇಳಿದ್ರು ಅಂತ ನಿನ್ನ ಹೊಗಳಿದ್ದೇ ಹೊಗಳಿದ್ದು."

"ಇನ್ನೇನು ಹೇಳಿದ್ರು?"

"ಇನ್ನೇನು? ಅಷ್ಟೇ."

ಕೈಗಳ ಮಾತನ್ನು ಆಕೆ ಎತ್ತಿರಲಿಲ್ಲ.

"ಎಂಥ ದೊಡ್ಡ ಮನಸ್ಸು ಕಣೆ ಅವರದು," ಎಂದರು.

"ಹೌದು," ಎಂದೆ. ಊಟದ ತಟ್ಟೆಯನ್ನು ಇವರ ಮುಂದೆ ತಂದು, ಕೊಂಚ ಸದ್ದಾಗುವಂತೆಯೇ ಇಟ್ಟೆ.