ಎಂಟು ಸೆಕೆಂಡು

ಹಳದಿ ಚೀಟಿಯ ಒಂದು ಮೂಲೆ ಎದ್ದಿದೆ, ಫ್ಯಾನಿನ ಗಾಳಿಗೆ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ, ಅಂಟು ಒಣಗಿರಬೇಕು, ಎರಡು ತಿಂಗಳಿಂದ ಬೋರ್ಡಿನ ಈ ಕಡೆಯಿಂದ ಆ ಕಡೆಗೆ ಕಿತ್ತು ಕಿತ್ತು ಅಂಟಿಸಿದರೆ ಯಾವ ಅಂಟು ತಾನೇ ಉಳಿದೀತು, ತಾನಾಗಿ ಬಿದ್ದುಹೋಗಬಾರದೇ ಅನ್ನಿಸುತ್ತದೆ, ಬಿದ್ದು ಮೇಜಿನ ಕೆಳಗೆ ಸೇರಿ ಕಸದ ಜೊತೆ ಹೋದರೆ ನಾನು ಬಾಯಿ ಬಿಡುವ ಪ್ರಮೇಯವೇ ಇಲ್ಲ — ಎಂಥ ಯೋಚನೆ, ಚೀಟಿ ಬಿದ್ದ ಮಾತ್ರಕ್ಕೆ ಅದರಲ್ಲಿರುವುದು ಬೀಳುತ್ತದೆಯೇ, ಅದು ಆಗಲೇ ಯಂತ್ರದ ಹೊಟ್ಟೆ ಸೇರಿ ಅರಗಿಯೂ ಆಗಿದೆ. ಅಕ್ಷರ ನನ್ನದೇ, ದುಂಡಗೆ, ಕಾಪಿ ಬರೆದ ಹಾಗೆ: ಲಿಫ್ಟಿನಿಂದ ಕರೆ ಬಂದು ಯಾರೂ ಮಾತನಾಡದಿದ್ದರೆ ಎಂಟು ಸೆಕೆಂಡು ಕಾದು ಕರೆ ಮುಗಿಸುವುದು. ಬೋರ್ಡಿನ ಮೇಲೆ ಮೂರು ಅಂಕಣ, ಮಾಡಬೇಕು, ಮಾಡುತ್ತಿದ್ದೇವೆ, ಆಯಿತು, ಈ ಚೀಟಿ ನಡುವಿನ ಅಂಕಣದ ಅಂಚಿನಲ್ಲಿ ಕೂತಿದೆ, ಇವತ್ತಿನ ಸಭೆ ಮುಗಿಯುವಾಗ ಕೊನೆಯದಕ್ಕೆ ದಾಟುತ್ತದೆ, ದಾಟಿದರೆ ನಾಳೆ ಬೆಳಗ್ಗೆಯಿಂದ ನಮ್ಮ ಕಂಪನಿ ನೋಡಿಕೊಳ್ಳುವ ಎಂಟುನೂರು ಲಿಫ್ಟುಗಳಲ್ಲಿ ಯಾರು ಸಿಕ್ಕಿಹಾಕಿಕೊಂಡು ಕೆಂಪು ಗುಂಡಿ ಒತ್ತಿದರೂ ಈ ಕಡೆ ಫೋನು ಎತ್ತುವುದು ಯಂತ್ರ, ನಾನಲ್ಲ. ಹಗಲು ಪಾಳಿಯಲ್ಲಿ ಹತ್ತೊಂಬತ್ತು ವರ್ಷ ಎತ್ತಿದವಳು ನಾನು. ಕೂತು ಎತ್ತಿದವಳು, ಈಗ ನೋಡಿದರೆ ದಿನಾ ಒಂಬತ್ತೂವರೆಗೆ ನಿಂತುಕೊಂಡೇ ಮಾತನಾಡುವ ಸಭೆ, ಕೂತರೆ ಮಾತು ಉದ್ದವಾಗುತ್ತದಂತೆ, ಹೊಸ ರೀತಿಯ ಕೆಲಸ ಕಲಿಸಲು ಕಂಪನಿ ಕರೆಸಿದ ಕೋಚ್‌ನ ಸಿದ್ಧಾಂತ, ಅವನಿಗೆ ಮೂವತ್ತೆರಡು ವರ್ಷ, ಅವನ ಮಂಡಿಗೂ ಅಷ್ಟೇ ವಯಸ್ಸು, ಬರೀ ಹತ್ತು ನಿಮಿಷ ಅಕ್ಕಾ ಅನ್ನುತ್ತಾನೆ, ಅದಕ್ಕೇ ಅವನ ಬೆನ್ನ ಹಿಂದೆ ನಾವೆಲ್ಲ ಅವನನ್ನು ಹತ್ತುನಿಮಿಷ ಅಂತಲೇ ಕರೆಯುವುದು, ಒಂದು ದಿನವೂ ಅದು ಇಪ್ಪತ್ತಕ್ಕೆ ಕಡಿಮೆಯಾಗಿಲ್ಲ. ಎಡಗಾಲಿನ ಮಂಡಿ ಆಗಲೇ ತಕರಾರು ಶುರು ಮಾಡಿದೆ.

ಚೆಂಡು ಈಗ ಹತ್ತುನಿಮಿಷನ ಕೈಯಲ್ಲೇ ಇದೆ, ಮೆತ್ತನೆಯ ನೀಲಿ ರಬ್ಬರ್ ಚೆಂಡು, ಅದನ್ನು ಹಿಡಿದವರು ಮಾತ್ರ ಮಾತನಾಡಬೇಕು, ಮೂರೇ ವಿಷಯ, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನಿದೆ, ಹೇಳಿ ಪಕ್ಕದವರಿಗೆ ಎಸೆಯಬೇಕು. ಮೊದಲ ದಿನ ನನ್ನ ಕೈಯಿಂದ ಅದು ಜಾರಿ ಕಿಟಕಿ ದಾಟಿ ಹೋಗಿತ್ತು, ಎಲ್ಲರೂ ನಕ್ಕಿದ್ದರು, ನಾನೂ. ಒಳ್ಳೆಯವರೇ ಇವರೆಲ್ಲ, ಅದೇ ತೊಂದರೆ, ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು. ಎರಡು ತಿಂಗಳ ಹಿಂದೆ ಹತ್ತುನಿಮಿಷ ಇದೇ ಕೋಣೆಯಲ್ಲಿ ನನ್ನನ್ನು ಕೂರಿಸಿ, ಅವತ್ತು ಕೂರಿಸಿದ್ದ, ಚಹಾ ತರಿಸಿಕೊಟ್ಟು ಕೇಳಿದ್ದ, ಅಕ್ಕಾ, ನಿಮ್ಮ ತಲೇಲಿರೋದೆಲ್ಲ ಹೊರಗೆ ಬರ್ಬೇಕು, ಒಂದೊಂದು ಚೀಟೀಲಿ ಒಂದೊಂದು, ನಿಮ್ಮ ಕೈಯಲ್ಲೇ ಬರೀರಿ, ಫೋನ್ ಬರುತ್ತೆ, ಯಾರೂ ಮಾತಾಡಲ್ಲ, ಏನ್ ಮಾಡ್ತೀರಿ? ಕಟ್ ಮಾಡ್ತೀನಿ ಅಂದೆ. ಎಷ್ಟು ಹೊತ್ತು ಬಿಟ್ಟು? ಎಂಟ್ ಹತ್ತು ಸೆಕೆಂಡು. ಸುಳ್ಳಲ್ಲ, ದಿನಕ್ಕೆ ಇಪ್ಪತ್ತು ಕರೆ ಅಂಥವೇ, ಮಕ್ಕಳು ಆಟಕ್ಕೆ ಒತ್ತುತ್ತವೆ, ಸೋಫಾ ಸಾಗಿಸುವವರ ಬೆನ್ನು ತಾಗುತ್ತದೆ, ಅವನ್ನು ಹಿಡಿದುಕೊಂಡು ಕೂರಲಾಗುತ್ತದೆಯೇ. ಮೂವತ್ತೊಂದು ಚೀಟಿ ಬರೆದೆ, ಅಂಗಡಿಯ ಪಟ್ಟಿ ಬರೆದ ಹಾಗೆ ಸರಸರನೆ, ಹತ್ತೊಂಬತ್ತು ವರ್ಷ ಒಂದು ಮಧ್ಯಾಹ್ನದಲ್ಲಿ ಮುಗಿದುಹೋಯಿತಲ್ಲ ಅಂತ ಸ್ವಲ್ಪ ಬೇಸರವೂ ಆಯಿತು. ಆಮೇಲೆ ದನಿ. ಮೂರು ದಿನ ಸಣ್ಣ ಕೋಣೆಯಲ್ಲಿ ಕೂರಿಸಿ ನನ್ನಿಂದ ಪುಟಗಟ್ಟಲೆ ಓದಿಸಿದರು, ಅದನ್ನೆಲ್ಲ ಅರೆದು ಯಂತ್ರಕ್ಕೆ ನನ್ನದೇ ದನಿ ಮಾಡಿಕೊಟ್ಟರು, ಕೇಳಿದಾಗ ನನಗೇ ದಿಗಿಲು, ನನಗಿಂತ ನಯವಾಗಿ ಮಾತನಾಡುತ್ತದೆ. ಮನೆಯಲ್ಲಿ ಹೇಳಿದರೆ ನಮ್ಮವರು, ಅವರು ಇದೇ ಕಂಪನಿಯಲ್ಲಿ ಲಿಫ್ಟ್ ಮೆಕ್ಯಾನಿಕ್ಕು, ತುತ್ತು ಕೈಯಲ್ಲೇ ಹಿಡಿದು ಯೋಚಿಸಿ, ಇನ್ಮೇಲೆ ಕೆಲಸದ ಜಾಗದಲ್ಲೂ ನಿನ್ನ ಮಾತೇ ಕೇಳ್ಬೇಕು ಅನ್ನು ಅಂದರು. ಹೆಮ್ಮೆ ಆಗಿತ್ತು ನನಗೆ, ಯಾಕೆ ಸುಳ್ಳು ಹೇಳಲಿ.

ಚೆಂಡು ಶೇಕಡಾನ ಕೈಗೆ ಹೋಯಿತು, ವರದಿ ಮಾಡುವ ಹುಡುಗ, ಊಟ ಹೇಗಿತ್ತು ಅಂದರೂ ತೊಂಬತ್ತು ಪರ್ಸೆಂಟ್ ಚೆನ್ನಾಗಿತ್ತು ಅನ್ನುವವನು, ನಲವತ್ತು ಲಿಫ್ಟಲ್ಲಿ ಹದಿನೈದು ದಿನ ಟ್ರಯಲ್ ಮುಗೀತು, ಬಂದ ಕರೆಗಳಲ್ಲಿ ನೂರಕ್ಕೆ ನೂರು ಸರಿಯಾಗಿ ಮುಗಿದಿವೆ, ಒಂದು ಕರೆಗೆ ಹಿಡಿಯೋ ಸಮಯ ಅರ್ಧಕ್ಕಿಳಿದಿದೆ — ಅರ್ಧಕ್ಕೆ ಇಳಿಯದೆ ಏನು, ಮಾತನಾಡದವರನ್ನೆಲ್ಲ ಎಂಟು ಸೆಕೆಂಡಿಗೆ ಕಳಿಸಿಬಿಟ್ಟರೆ, ಹಾಗೆ ಸರಿಯಾಗಿ ಮುಗಿದವುಗಳಲ್ಲಿ ನಾಲ್ಕು ಕರೆ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಒಬ್ಬಾಕೆಯವು. ಮೊನ್ನೆ ಸಂಜೆ ನಮ್ಮವರು ಕೈ ತೊಳೆಯುತ್ತಾ ಹೇಳಿದ್ದು, ಗ್ರೀಸ್ ಹೋಗದೆ ಉಗುರಿನ ಸಂದಿಯನ್ನು ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ತಿಕ್ಕುತ್ತಾ, ಇವತ್ತೊಂದು ವಿಚಿತ್ರ ಆಯ್ತು ಕಣೇ, ತಿಂಗಳ ಸರ್ವೀಸಿಗೆ ಅಂತ ಹೋದ್ರೆ ಎರಡ್ನೇ ಲಿಫ್ಟು ಮಹಡಿಗಳ ನಡುವೆ ನಿಂತ್ಬಿಟ್ಟಿದೆ, ಪಕ್ಕದ್ದು ಓಡ್ತಾ ಇದೆ, ಹಾಗಾಗಿ ಯಾರಿಗೂ ಗೊತ್ತಿಲ್ಲ, ಐದು ಗಂಟೆಗೆ ಬಾಗಿಲು ಬಿಡಿಸಿದ್ರೆ ಒಳಗೆ ಒಬ್ರು ಹೆಂಗಸು, ನಿನ್ನ ವಯಸ್ಸಿರ್ಬೋದು, ಕಸದ ಚೀಲ ಕೆಳಗಿಡೋಕೆ ಅಂತ ಬಂದವ್ರು, ಫೋನೂ ತಂದಿಲ್ಲ, ನೆಲದ ಮೇಲೆ ಕೂತಿದ್ದಾರೆ, ಒಂದು ಕೈ ಮಾತ್ರ ಹೀಗೆ ಮೇಲಕ್ಕೆ, ಗುಂಡಿ ಮೇಲೆ, ನಾನೇ ಹಿಡಿದು ಇಳಿಸ್ಬೇಕಾಯ್ತು. ಒದ್ದೆ ಕೈ ಎತ್ತಿ ತೋರಿಸಿದರು, ಮೊಣಕೈವರೆಗೆ ಸೋಪಿನ ನೊರೆ ಇಳಿಯುತ್ತಿತ್ತು, ನಾನು ಕುಕ್ಕರಿನ ಮುಚ್ಚಳ ಹಿಡಿದುಕೊಂಡು ಹಾಗೇ ನಿಂತೆ. ಮಾತಾಡಿದ್ರಾ? ಅಂದೆ. ಎಲ್ಲಿ, ಬಾಯೇ ಕಟ್ಟಿಹೋಗಿತ್ತು, ನೀರು ಕುಡಿಸಿದ ಮೇಲೆ ಒಂದೇ ಮಾತು ಅಂದ್ರು, ನಾಲ್ಕು ಸಲ ಒತ್ತಿದೆ, ನಾಲ್ಕು ಸಲಾನೂ ಥ್ಯಾಂಕ್ಸ್ ಹೇಳಿ ಇಟ್ಬಿಟ್ರು ಅಂತ. ಯಾರು ಇಟ್ಟದ್ದು ಅಂತ ನಮ್ಮವರು ನನ್ನನ್ನು ಕೇಳಲಿಲ್ಲ, ಕೇಳದೆ ಇದ್ದದ್ದೇ ನನಗೆ ಸಾಕಾಯಿತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನಿನ್ನೆ ಬಂದವಳೇ ಕಂಪ್ಯೂಟರಿನಲ್ಲಿ ಆ ಲಿಫ್ಟಿನ ನಂಬರು ಹಾಕಿ ನೋಡಿದೆ, ನಾಲ್ಕು ಕರೆ, ನಾಲ್ಕರ ಮುಂದೆಯೂ ಹಸಿರು ಟಿಕ್ಕು. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮೊದಲ ಸಲ ಕೇಳಿದವರಿಗೆ ಏನೂ ಕೇಳಿಸುವುದಿಲ್ಲ, ನನಗೆ ಕೇಳಿಸಿತು, ಮೂಗಿನಿಂದ ಒಳಗೆಳೆದುಕೊಂಡು ಹೊರಗೆ ಬಿಡಲು ಧೈರ್ಯ ಸಾಲದ ಉಸಿರು, ಬಟ್ಟೆ ಗೋಡೆಗೆ ಉಜ್ಜಿದ ಸದ್ದು, ಆಮೇಲೆ ನನ್ನ ದನಿ, ನಯವಾಗಿ, ಕರೆ ಮಾಡಿದ್ದಕ್ಕೆ ಧನ್ಯವಾದಗಳು.

ನಾನು ಕಟ್ ಮಾಡುತ್ತೇನೆ ಅಂದಿದ್ದೆನಲ್ಲ, ಎಲ್ಲಿ ಮಾಡುತ್ತಿದ್ದೆ. ನಿನ್ನೆ ಆ ಕುರ್ಚಿಯಲ್ಲೇ ಹೊಳೆಯಿತು, ಕಟ್ ಮಾಡುವ ಮುಂಚೆ ನನ್ನ ಎಡಗೈ ತಾನಾಗಿ ಇನ್ನೊಂದು ಕಿವಿಯನ್ನು ಮುಚ್ಚುತ್ತದೆ, ಕಣ್ಣೂ ಮುಚ್ಚುತ್ತೇನೇನೋ, ಖಾಲಿ ಲಿಫ್ಟು ಬೇರೆ ಥರ ಸದ್ದು ಮಾಡುತ್ತದೆ, ಜನ ಇದ್ದು ಸುಮ್ಮನಿರುವ ಲಿಫ್ಟು ಬೇರೆ ಥರ, ಇದ್ದಾರೆ ಅನ್ನಿಸಿದರೆ ಹೇಳುತ್ತೇನೆ, ನಾನಿದ್ದೀನಿ, ನೀವೇನೂ ಮಾತಾಡ್ಬೇಡಿ, ಗೋಡೆಗೆ ಒಂದ್ಸಲ ತಟ್ಟಿ, ಅಷ್ಟು ಸಾಕು. ತಟ್ಟುತ್ತಾರೆ. ತಟ್ಟಿದ ಮೇಲೆ ಅಳುತ್ತಾರೆ, ಅತ್ತ ಮೇಲೆ ಮಾತನಾಡುತ್ತಾರೆ. ಹೆದರಿದವರಿಗೆ ಗಂಟಲೇ ಮೊದಲು ಕೈಕೊಡುವುದು, ಇದು ಯಾವ ಮೂವತ್ತೊಂದು ಚೀಟಿಯಲ್ಲೂ ಇಲ್ಲ, ಅವನು ಕೇಳಲಿಲ್ಲ ಅಂತಲ್ಲ, ನನಗೇ ಗೊತ್ತಿರಲಿಲ್ಲ ಅದು ಕೆಲಸ ಅಂತ, ಉಸಿರಾಡುವುದನ್ನು ಯಾರಾದರೂ ಪಟ್ಟಿಯಲ್ಲಿ ಬರೆಯುತ್ತಾರೆಯೇ. ಗೊತ್ತಾದ ಮೇಲೆ? ಗೊತ್ತಾದ ಮೇಲೆ ಏನು ಮಾಡಿದೆ, ಚೆಂಡು ಈಗ ಪಾದರಸದ ಕೈಯಲ್ಲಿದೆ, ಯಂತ್ರಕ್ಕೆ ಮಾತು ಕಲಿಸಿದ ಹುಡುಗಿ, ನಿಂತಲ್ಲಿ ನಿಲ್ಲದವಳು, ಇದು ಅವಳ ಮೊದಲ ದೊಡ್ಡ ಕೆಲಸ, ನಿನ್ನೆ ನನ್ನ ಹಿಂದೆ ಬಂದು ನಿಂತು, ಏನಕ್ಕಾ, ಎಲ್ಲ ಸರಿಯಾಗಿದೆ ಅಲ್ವಾ? ಅಂದಳು. ಸರಿಯಾಗಿದೆ ಅಂದೆ. ಹಾಗಂದೆ ನಾನು, ಹೆಡ್‌ಫೋನ್ ಕೊರಳಿಗಿಳಿಸಿಕೊಂಡು, ಮುಖ ನೋಡಿಕೊಂಡೇ. ಮಾತು ಬೆಳ್ಳಿ ಮೌನ ಬಂಗಾರ ಅಂತ ಸಮಾಧಾನ ಮಾಡಿಕೊಂಡೆ, ಆ ಬಂಗಾರ ನಿನ್ನೆಯಿಂದ ಗಂಟಲಲ್ಲಿ ಕೂತಿದೆ. ಹೇಳಿದರೆ ಇವರೇನು ಅಂದುಕೊಳ್ಳುತ್ತಾರೆ ಅಂತ ಗೊತ್ತಿಲ್ಲವೇ, ನಾಳೆ ಕುರ್ಚಿ ಹೋಗುತ್ತದೆ, ಇವತ್ತು ತಪ್ಪು ಹುಡುಕಿಕೊಂಡು ಬಂದಳು, ಅದೂ ತಾನೇ ಬರೆದ ಚೀಟಿಯಲ್ಲಿ. ಕುರ್ಚಿಯ ಆಸೆ ಇಲ್ಲವೇ ಅಂದರೆ ಇದೆ. ಇದ್ದೇ ಇದೆ, ಅದಕ್ಕೇ ನಾಲಿಗೆ ಏಳುವುದಿಲ್ಲ, ಯಾವುದು ಆಸೆ ಯಾವುದು ನ್ಯಾಯ ಅಂತ ನನಗೇ ಬಿಡಿಸಲು ಬರುತ್ತಿಲ್ಲ, ಬಿಡಿಸಲು ಹೋದಾಗಲೆಲ್ಲ ಆ ಕೈ, ನೆಲದಿಂದ ಮೇಲಕ್ಕೆ, ಗುಂಡಿಯ ಮೇಲೆ. ನಿನ್ನೆ ಅನ್ನ ಕಲಸುವಾಗ ಬಂತು. ಬಸ್ಸಿನಲ್ಲಿ ಎದುರಿಗಿದ್ದಾಕೆ ಕಂಬಿ ಹಿಡಿದಾಗ ಬಂತು. ಪಾದರಸ ಹೇಳುತ್ತಿದ್ದಾಳೆ, ನಿನ್ನೆ ಎಲ್ಲಾ ಟೆಸ್ಟ್ ಪಾಸ್ ಆಯ್ತು, ಇವತ್ತು ರಾತ್ರಿ ಸ್ವಿಚ್ ಹಾಕೋದು, ಅಡ್ಡಿ ಏನೂ ಇಲ್ಲ, ಅಕ್ಕಾ ಹಿಡ್ಕೊಳಿ, ಮೆಲ್ಲಗೆ ಎಸೀತೀನಿ.

ಹಿಡಿದೆ. ಎಷ್ಟು ಹಗುರ, ಬೆರಳು ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಹೊರಗೆ ಬರುತ್ತದೆ, ಅಕ್ಕಾ ಅನ್ನುತ್ತಾನೆ ಹತ್ತುನಿಮಿಷ, ಗಡಿಯಾರ ನೋಡಿ, ನಿಮ್ದು ಮುಗಿದ್ರೆ ಚೀಟಿ ಆ ಕಡೆಗೆ ಹಾಕ್ಬಿಡೋಣ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಹೇಳಿ ಎರಡು ದಿನ ಮುಂದೂಡಿಸಲೇ — ಬೇಡ, ಮೂರೇ ವಿಷಯ ತಾನೇ, ಮೂರನ್ನೇ ಹೇಳುತ್ತೇನೆ, ನಿನ್ನೆ ನಾಲ್ಕು ಕರೆ ಕೇಳ್ದೆ, ಅದರಲ್ಲಿ ಒಬ್ರು ಇದ್ರು, ಮಾತಾಡೋಕಾಗದೆ ಇದ್ರು, ನಾವು ಇಟ್ಬಿಟ್ವಿ. ಇವತ್ತು ಆ ಚೀಟಿ ಅಲ್ಲಿಂದ ತೆಗೀತೀನಿ. ಅಡ್ಡಿ ನಾನೇ, ಅದು ನಾನು ಬರೆದ ತಪ್ಪು, ಪಾದರಸದ್ದಲ್ಲ, ನಿನ್ನೆ ಸರಿಯಾಗಿದೆ ಅಂತ ಇವಳಿಗೆ ಹೇಳಿದ್ದೂ ಸುಳ್ಳು. ಅವಳ ಹೆಸರಿನ ಬದಲು ಅಡ್ಡಹೆಸರೇ ಬಂದುಬಿಟ್ಟಿತು, ಯಾರೂ ನಗಲಿಲ್ಲ. ಹತ್ತುನಿಮಿಷ ಸಮಾಧಾನದ ದನಿಯಲ್ಲೇ, ಅಕ್ಕಾ, ನಿಮಗೆ ಬೇರೆ ಸೀಟು ಕೊಡ್ತೀವಿ ಅಂತ ಹೇಳಿದೀನಲ್ಲ ಅಂದ, ಅಂದುಕೊಂಡ ಹಾಗೆಯೇ ಅಂದ, ಆದರೆ ನಾನು ಹೆದರಿಕೊಂಡಷ್ಟು ಅದು ಚುಚ್ಚಲಿಲ್ಲ. ಕೊಡಿ, ಬೇಡ ಅಂದೋರ್ಯಾರು, ಮೊದ್ಲು ಇದನ್ನ ಕೇಳಿ ಅಂದೆ. ಪಾದರಸವೇ ಲ್ಯಾಪ್‌ಟಾಪ್ ತಿರುಗಿಸಿದಳು, ದನಿ ಜೋರು ಮಾಡಿದಳು, ಮೊದಲ ಕರೆ, ಏನೂ ಇಲ್ಲವಲ್ಲ ಅಂದ ಶೇಕಡಾ, ಕಿವಿ ಮುಚ್ಚಿ ಅಂದೆ, ಒಂದು ಕಿವಿ, ಹೀಗೆ. ಮೂವರೂ ಎಡಗೈ ಎತ್ತಿ ಒಂದು ಕಿವಿ ಮುಚ್ಚಿಕೊಂಡು ನಿಂತರು. ಎರಡನೆಯ ಕರೆ. ಎಂಟು ಸೆಕೆಂಡು ಎಷ್ಟು ಉದ್ದ, ಅಷ್ಟರಲ್ಲಿ ಫ್ಯಾನು ಎಷ್ಟು ಸುತ್ತು ಸುತ್ತುತ್ತದೆ, ಐದನೆಯ ಸೆಕೆಂಡಿನಲ್ಲಿ ಪಾದರಸದ ಮುಖ ಬದಲಾದದ್ದನ್ನು ನೋಡಿದೆ, ಕೇಳಿಸಿತು ಅವಳಿಗೆ, ಉಸಿರು, ಆಮೇಲೆ ನನ್ನ ದನಿ, ಧನ್ಯವಾದಗಳು, ಮೂರನೆಯದು, ಧನ್ಯವಾದಗಳು, ನಾಲ್ಕನೆಯದು ಪೂರ್ತಿ ಮುಗಿಯುವ ಮೊದಲೇ ಅವಳು ಹೋಗಿ ಬೋರ್ಡಿನಿಂದ ಚೀಟಿ ಕಿತ್ತಳು, ಮೊದಲ ಅಂಕಣಕ್ಕೆ ಅಂಟಿಸಿದಳು, ಅಂಟಲಿಲ್ಲ, ಅಂಗೈಯಿಂದ ಒತ್ತಿ ಹಿಡಿದುಕೊಂಡೇ ನಿಂತಳು. ಯಾವ ಟೈಮಿಗೆ ಬಂದಿದ್ದು ಇವು? ಅಂತ ಹತ್ತುನಿಮಿಷ ಕೇಳಿದ, ಶೇಕಡಾ ಓದಿದ, ನಾಲ್ಕು ಹತ್ತು, ನಾಲ್ಕು ಹನ್ನೊಂದು, ನಾಲ್ಕು ಹನ್ನೆರಡು, ನಾಲ್ಕು ಹದಿನಾಲ್ಕು. ಆಮೇಲೆ? ಆಮೇಲೆ ಇಲ್ಲ. ಇಲ್ಲ ಅಂದರೆ ಹೇಗೆ, ನಮ್ಮವರು ಬಾಗಿಲು ಬಿಡಿಸಿದಾಗ ಐದು ಗಂಟೆ, ಕೈ ಗುಂಡಿಯ ಮೇಲೇ ಇತ್ತು ಅಂದರಲ್ಲ, ಹಿಡಿದು ಇಳಿಸಬೇಕಾಯಿತು ಅಂದರಲ್ಲ, ನಾಲ್ಕು ಹದಿನಾಲ್ಕರಿಂದ ಐದರವರೆಗೆ, ನಲವತ್ತಾರು ನಿಮಿಷ, ಬೆರಳು ಗುಂಡಿಯ ಮೇಲೆ. ಮತ್ತೆ ಒತ್ತಿದರೆ ಮತ್ತೆ ಇಟ್ಟುಬಿಡುತ್ತಾಳೆ ಅಂತ. ನನ್ನ ದನಿಗೆ ಹೆದರಿ. ನೆಲದ ಮೇಲೆ ಕೂತು, ತೋಳು ಮೇಲಕ್ಕೆ, ಬೆರಳು ಗುಂಡಿಯ ಮೇಲೆ, ಒತ್ತದೆ.