ಗೇಟ್ ಏಳವಲ್ದು

"ಮುಂಜಾನಿಂದ ಒಂದ ಮಾತು ಹಿಡದಾನ, ಗೇಟ್ ಏಳವಲ್ದು, ಗೇಟ್ ಏಳವಲ್ದು ಅಂತ. ಹೋಗಿ ನೋಡಿದ್ರ ಗೇಟ್ ನೆಟ್ಟಗ ಐತಿ. ಅಲ್ಲೇ ಗಾಳಿ ಬಡದೈತಿ ಇವಗ," ಎಂದ ಅಂಬ್ರಪ್ಪ, ಟಂಟಂ ಆಟೋದ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ.

ಹಿಂದಿನ ಸೀಟಿನಲ್ಲಿ ಮೋನಮ್ಮ ಗಂಡನನ್ನು ತಬ್ಬಿ ಹಿಡಿದಿದ್ದಳು. ಹುಲಗಪ್ಪನ ಮೈ ಹಂಚಿನಂತೆ ಕಾದಿತ್ತು. ಎರಡೂ ಕೈ ಗಾಳಿಯಲ್ಲಿ ಕಾಣದ ಚಕ್ರವೊಂದನ್ನು ತಿರುವುತ್ತಲೇ ಇದ್ದವು. ಇಪ್ಪತ್ತಾರು ವರ್ಷ ವನದುರ್ಗದ ಕಡೆಯ ಕಾಲುವೆಯ ಗೇಟು ಎತ್ತಿ ಇಳಿಸಿದ ಕೈ ಅವು. ನಿನ್ನೆ ಸಂಜೆ ಚಳಿ ಬಂದು ಮಲಗಿದವನು ಬೆಳಗ್ಗೆ ಎದ್ದು, ದಿನಾ ಮೋನಿ ಎಂದು ಕೂಗುತ್ತಿದ್ದ ಹೆಂಡತಿಯ ಮುಖವನ್ನೇ ದಿಟ್ಟಿಸಿ, "ನೀ ಯಾರ ಮಗಳವ್ವಾ?" ಎಂದು ಕೇಳಿದ್ದ.

ಅಂಬ್ರಪ್ಪನೇನು ಕೆಟ್ಟವನಲ್ಲ. ತಮ್ಮನ ಮಾತು ನಿಜವಿದ್ದೀತೆಂದು ಸೈಕಲ್ ತುಳಿದುಕೊಂಡು ಹೋಗಿ, ಚಕ್ರಕ್ಕೆ ಕೈ ಹಾಕಿ ತಿರುವಿ ನೋಡಿ ಬಂದಿದ್ದ. ಗೇಟು ಸಲೀಸಾಗಿ ಎದ್ದಿತ್ತು, ನೀರೂ ಹರಿಯುತ್ತಿತ್ತು. ಹೋದ ವರ್ಷ ಅದೇ ಗೇಟಿನ ಬಳಿ ಬಟ್ಟೆ ಒಗೆಯಲು ಬಂದ ಹೆಂಗಸೊಬ್ಬಳು ಜಾರಿ ನೀರುಪಾಲಾಗಿದ್ದಳು. ಅಷ್ಟು ಸಾಕಾಯಿತು. ಗುಡ್ಡದಾಚೆಯ ಊರಲ್ಲಿ ಗಾಳಿ ಬಿಡಿಸುವವನ ಹತ್ತಿರ ಮೂರು ದಿನ ಇಡೋಣ, ಆಮೇಲೆ ಬೇಕಾದರೆ ಶಹಾಪುರದ ದವಾಖಾನೆ ಎಂದು ತೀರ್ಮಾನಿಸಿಬಿಟ್ಟಿದ್ದ.

ಟಂಟಂ ಕುಳಿಗೆ ಇಳಿದು ಕುಲುಕಿತು. ಹುಲಗಪ್ಪ ಕಿಬ್ಬೊಟ್ಟೆ ಒತ್ತಿಕೊಂಡು, "ಗೇಟ್ ಏಳವಲ್ದು," ಎಂದು ನರಳಿದ. ಮೋನಮ್ಮನಿಗೆ ಆಗ ಹೊಳೆಯಿತು. ಗೇಟಿನ ಕೆಲಸ ಸಿಕ್ಕ ಹೊಸದರಲ್ಲಿ ಹುಟ್ಟಿದ ಹುಡುಗಾಟವೊಂದಿತ್ತು. ರಾತ್ರಿ ಕಾಲ್ಮಡಿಯಲು ಎದ್ದಾಗಲೆಲ್ಲ ಅವನು ಅವಳಿಗಷ್ಟೇ ಕೇಳುವಂತೆ, ಗೇಟ್ ಎತ್ತಿ ಬರ್ತೀನಿ ಅನ್ನುತ್ತಿದ್ದ. ಕೂದಲು ನೆರೆದರೂ ಅದನ್ನು ಬಿಟ್ಟಿರಲಿಲ್ಲ. ಅವಳು ಅವನ ಹೊಟ್ಟೆಯ ಕೆಳಭಾಗಕ್ಕೆ ಕೈಯಿಟ್ಟು ನೋಡಿದಳು. ಕಲ್ಲಿನ ಹಾಗಿತ್ತು.

ಆದರೆ ಹೇಳುವುದು ಯಾರಿಗೆ? ಮದುವೆಯಾಗಿ ಬಂದಾಗಿನಿಂದ ಭಾವನ ಜೊತೆ ಒಂದು ಮಾತು ನೇರವಾಗಿ ಆಡಿದವಳಲ್ಲ. ಊಟಕ್ಕೆ ಕರೆಯಬೇಕಾದರೂ ಗೋಡೆಗೆ ಹೇಳಿದ ಹಾಗೆ ಹೇಳುವುದು, ಇಲ್ಲವೆ ಇನ್ನೊಬ್ಬರ ಬಾಯಿಂದ ಹೇಳಿಸುವುದು. ಇದೋ, ಗೋಡೆಗೂ ಹೇಳುವಂಥ ಮಾತಲ್ಲ.

ಕೂಡುರಸ್ತೆ ಬಂತು. ಟಂಟಂ ಓಡಿಸುತ್ತಿದ್ದ ಬಸವಣ್ಣ ವೇಗ ತಗ್ಗಿಸಿ, ಯಾವ ಕಡೆ ಎಂಬಂತೆ ನೋಡಿದ. ಅಂಬ್ರಪ್ಪ ಗುಡ್ಡದ ಕಡೆ ಕೈ ಎತ್ತಿದ.

"ಭಾವಾರ."

ಯಾರು ಕರೆದರೆಂದು ಅಂಬ್ರಪ್ಪ ರಸ್ತೆಯ ಕಡೆ ನೋಡಿದ.

"ಅದು ಕಾಲುವಿ ಗೇಟಲ್ರಿ. ಅವರಿಗಿ ಕಾಲ್ಮಡ್ಯಾದು ಬಂದ್ ಆಗೇತ್ರಿ. ಹೊಟ್ಟಿ ಕಲ್ಲಾಗೇತಿ. ಶಹಾಪುರಕ್ಕ ಹೊಡಿಸ್ರಿ."

ಬಸವಣ್ಣ ಕನ್ನಡಿಯಿಂದ ಕಣ್ಣು ತೆಗೆದ. ಅಂಬ್ರಪ್ಪನ ಕಿವಿ ಕೆಂಪಾದವು. ತಲೆ ತಗ್ಗಿಸಿದವನು, ಎತ್ತಿದ್ದ ಕೈಯನ್ನು ಹಾಗೇ ಇನ್ನೊಂದು ಕಡೆಗೆ ತಿರುಗಿಸಿದ.

ದವಾಖಾನೆಯಲ್ಲಿ ಡಾಕ್ಟರಮ್ಮ ಮೂತ್ರಕ್ಕೆ ನಳಿಗೆ ಹಾಕಿದಳು, ಅದರ ಚೀಲ ತುಂಬತೊಡಗಿತು. ನೀರು ಕೆಳಗೆ ನಿಂತರೆ ತಲೆ ಯಾಕೆ ಕೆಡಬೇಕು ಎಂದು ಅಂಬ್ರಪ್ಪ ಬಿಡದೆ ಕೇಳಿದ.

"ನಿಂತ ನೀರು ನಂಜಾಗ್ಯದ. ನಂಜಿನ ಜೋಡಿ ಮೈ ಜಗಳಕ್ಕ ನಿಂತದ, ಉರಿಯೂತ ಅಂದ್ರ ಅದೇ. ಆ ಜಗಳದ ಕೂಗು ರಕ್ತದಾಗ ಮಿದುಳಿನ ತನಕ ಹೋಗ್ಯದ. ಅಲ್ಲಿ ಜೀವಕೋಶ ಒಂದಕ್ಕೊಂದು ಸುದ್ದಿ ಕೊಡ್ತಿರ್ತಾವ ನೋಡ್ರಿ, ಈ ಗದ್ದಲದಾಗ ಹೇಳಿದ್ದೊಂದು, ಮುಟ್ಟಿದ್ದೊಂದು ಆಗ್ಯದ."

"ಗದ್ದಲ ನಿಂತರ ನನ್ನ ಗುರ್ತ ಹಿಡೀತಾರೇನ್ರಿ?" ಎಂದಳು ಮೋನಮ್ಮ.

ಬಹಳ ಮಂದಿ ತಿಳಿಯಾಗುತ್ತಾರೆ, ಕೆಲವರು ಪೂರ್ತಿ ಆಗುವುದಿಲ್ಲ, ಮೂರು ದಿನ ತಡೆದಿದ್ದರೆ ಜೀವದ ಮಾತೇ ಇರುತ್ತಿರಲಿಲ್ಲ ಎಂದು ಡಾಕ್ಟರಮ್ಮ ಮುಚ್ಚಿಡದೆ ಹೇಳಿದಳು.

ಎರಡು ದಿನ ಹುಲಗಪ್ಪ ಸಲೈನಿನ ಕಂಬಕ್ಕೆ ಸಾಹೇಬರೆಂದು ಕೈ ಮುಗಿದ, ನೀರು ಹೆಚ್ಚಿಗೆ ಬಿಡಬೇಡಿರೆಂದು ಬೇಡಿಕೊಂಡ. ಮೋನಮ್ಮನನ್ನು ಮತ್ತೆರಡು ಸಲ ಯಾರ ಮಗಳೆಂದು ಕೇಳಿದ. ಎರಡು ಸಲವೂ ಅವಳು ಅಪ್ಪನ ಹೆಸರು ಹೇಳಿದಳು. ಅಂಬ್ರಪ್ಪ ಹೊತ್ತು ಹೊತ್ತಿಗೆ ಚಹಾ ತಂದು ಸ್ಟೂಲಿನ ಮೇಲಿಟ್ಟು, ಆರಿ ಹೋಗ್ತೈತಿ ಎಂದು ಗೋಡೆಗೆ ಹೇಳಿ ಹೋಗುತ್ತಿದ್ದ.

ಮೂರನೆಯ ದಿನ ಬೆಳಗ್ಗೆ ಕೈಗಳು ಸುಮ್ಮನಿದ್ದವು. ಹುಲಗಪ್ಪ ಮಂಚದ ಅಂಚಿಗೆ ತೂಗುತ್ತಿದ್ದ ಚೀಲವನ್ನು ಬಹಳ ಹೊತ್ತು ನೋಡಿದ.

"ಗೇಜ್ ಎಷ್ಟೈತಿ?"

ಮೋನಮ್ಮ ಅವನ ಕಣ್ಣು ಹೋದ ಕಡೆ ನೋಡಿದಳು. ಕಾಲುವೆಯ ನೀರಳೆಯುವ ಗೇಜೋ, ಈ ಚೀಲದ್ದೋ? ಬಗ್ಗಿ, ಚೀಲದ ಮೇಲಿನ ಗೆರೆಗೆ ಬೆರಳಿಟ್ಟು ಓದಿದಳು.

"ಆರನೂರ್ರಿ."

"ಗೇಟ್ ಯಾರೆತ್ತಿದ್ರು, ಮೋನಿ?"

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಅಂಬ್ರಪ್ಪ ಗೋಡೆಯ ಕಡೆ ತಿರುಗಿದ. ಕಪ್ಪಿನಿಂದ ಚಹಾ ತುಳುಕಿ, ಅವನ ಚಪ್ಪಲಿಯ ಮೇಲೆ ಹನಿಹನಿಯಾಗಿ ಬಿತ್ತು.