ಎದುರು ಬಾಗಿಲಿನ ಬಾಡಿಗೆ

ಟೈಲರ್ ಕೊನೆಯ ಗುಂಡಿ ಹೊಲಿದು, ಹಲ್ಲಿನಿಂದ ದಾರ ಕಡಿದು, ಮಂಚದ ಮೇಲೆ ಮಲಗಿದ್ದ ಗೆಳೆಯನಿಗೆ ಕೋಟು ತೊಡಿಸಿದ. ಕಾಯಿಲೆಯಲ್ಲಿ ಆಸಾಮಿ ಕಡ್ಡಿಯಾಗಿದ್ದ. ಎರಡೂ ಬದಿ ಒಂದೊಂದು ಅಂಗುಲ ಒಳಗೆ ಹಿಡಿಯಬೇಕಾಗಿ ಬಂದಿತ್ತು.

"ಎಷ್ಟು ಚೆನ್ನಾಗಿ ಕೂತಿದೆ ಮಾಮ," ಎಂದಳು ಸತ್ತವನ ಮಗಳು.

"ಇಪ್ಪತ್ತಾರು ವರ್ಷದಲ್ಲಿ ನಿಮ್ಮಪ್ಪ ಸುಮ್ಮನಿದ್ದು ಅಳತೆ ಕೊಟ್ಟಿದ್ದು ಇದೇ ಮೊದಲು ಕಣಮ್ಮ." ಟೈಲರ್ ನಗಲು ಹೋದ, ಆಗಲಿಲ್ಲ.

ಎದೆಯಲ್ಲಿ ಇನ್ನೊಂದು ಭಾರವೂ ಇತ್ತು. ಗೆಳೆಯನೇ ಕಟ್ಟಡದ ಮಾಲೀಕ. ಕೆಳಗಿನ ಅಂಗಡಿಗೆ ಎರಡು ತಿಂಗಳ ಬಾಡಿಗೆ ಬಾಕಿ. ಹಾಸಿಗೆ ಹಿಡಿದವನು ಕೇಳಲು ಇಳಿದು ಬಂದಿರಲಿಲ್ಲ, ಇವನಿಗೂ ಹೊಂದಿಸಲಾಗಿರಲಿಲ್ಲ. ಇವತ್ತೇ ಮಗಳಿಗೆ ಹೇಳದಿದ್ದರೆ, ಕೇಳುವವನು ಹೋದನೆಂದು ನುಂಗಿ ನೀರು ಕುಡಿದ ಹಾಗಾಗುತ್ತದೆ.

*

ಬಾಡಿಗೆ ತಡವಾದಾಗ ಮಾಲೀಕನದೊಂದು ಪದ್ಧತಿಯಿತ್ತು. ಬೀದಿಗಿಳಿದು ಅಂಗಡಿಯ ಎದುರು ಬಾಗಿಲಿಗೆ ಬಂದು, ಹೊಸ್ತಿಲು ದಾಟದೆ ಕೇಳುತ್ತಿದ್ದ: "ತಾರೀಖು ಹತ್ತಾಯ್ತು. ಯಾವತ್ತು ಕೊಡ್ತೀಯ?" ದಿನ ಹೇಳುವವರೆಗೂ ಕದಲುತ್ತಿರಲಿಲ್ಲ. ಹಿಂಬಾಗಿಲಿನಿಂದ ಬಂದರೆ ಮಾತ್ರ ಬರೀ ಗೆಳೆಯ. ಟೀ, ಹರಟೆ, ಒಬ್ಬರ ಕಾಲು ಒಬ್ಬರು ಎಳೆಯುವುದು.

ಒಮ್ಮೆ ಮಾಲೀಕ ಟೀ ಕುಡಿಯುತ್ತಾ ಬಾಯಿ ತಪ್ಪಿ ಬಾಡಿಗೆಯ ಮಾತೆತ್ತಿದ. ತಕ್ಷಣ ನಾಲಿಗೆ ಕಚ್ಚಿಕೊಂಡು, ಲೋಟ ಕೆಳಗಿಟ್ಟು, ಸುರಿಯುವ ಮಳೆಯಲ್ಲಿ ಇಡೀ ಕಟ್ಟಡ ಸುತ್ತಿ ಎದುರು ಬಾಗಿಲಲ್ಲಿ ಬಂದು ನಿಂತ.

"ಹುಚ್ಚು ಹಿಡಿದಿದೆಯೇನೋ ನಿಂಗೆ?"

"ಕೇಳದೆ ಬಿಟ್ರೆ ನಿನ್ನ ಮುಖ ಕಂಡಾಗಲೆಲ್ಲ ಮನಸ್ಸಲ್ಲೇ ಲೆಕ್ಕ ಹಾಕ್ತೀನಿ. ಆಮೇಲೆ ಟೀ ರುಚಿಸಲ್ಲ ಕಣೋ."

*

ಮಣ್ಣು ಮಾಡಿ ಬಂದ ಮೇಲೆ, ಮಹಡಿಯ ಕೋಣೆಯಲ್ಲಿ ಟೈಲರ್ ಮಗಳ ಬಳಿ ಹೋಗಿ ಬಾಕಿಯ ವಿಷಯ ಹೇಳಿಬಿಟ್ಟ.

ಪಕ್ಕದಲ್ಲಿದ್ದ ಅವಳ ಚಿಕ್ಕಪ್ಪ ಬೇಡವೆಂಬಂತೆ ಕೈಯಾಡಿಸಿದ. "ಛೇ, ಇಂಥ ದಿನ ಅದೆಂಥ ಮಾತು! ನೀವು ಅಣ್ಣನ ಜೀವದ ಗೆಳೆಯ. ಬಿಟ್ಟಾಕಮ್ಮ ಅದನ್ನ."

ಬಿಟ್ಟುಬಿಟ್ಟರೆ ಟೈಲರ್ ಇನ್ನು ಮೇಲೆ ಈ ಮನೆಯ ಮೆಟ್ಟಿಲನ್ನು ತಲೆ ತಗ್ಗಿಸಿಯೇ ಹತ್ತಬೇಕು.

ಮಗಳು ಅತ್ತು ಕೆಂಪಾದ ಕಣ್ಣು ಒರೆಸಿಕೊಂಡಳು. "ಬಿಡಲ್ಲ ಚಿಕ್ಕಪ್ಪ. ಯಾವತ್ತು ಕೊಡ್ತೀರ ಮಾಮ?"

"ಒಂದು ತಿಂಗಳದ್ದು ಈ ಶನಿವಾರ. ಇನ್ನೊಂದು ಮುಂದಿನ ಶನಿವಾರ."

"ಸರಿ. ತಡ ಆದ್ರೆ ಕೇಳಕ್ಕೆ ಬರ್ತೀನಿ."

ಚಿಕ್ಕಪ್ಪ ಮುಖ ಸಿಂಡರಿಸಿದ. ಟೈಲರನಿಗೆ ಮಾತ್ರ, ಗೆಳೆಯನನ್ನು ಮಣ್ಣು ಮಾಡಿ ಬಂದ ದಿನವೇ, ಹಾಲು ಕುಡಿದಷ್ಟು ಸಂತೋಷವಾಯಿತು.

ಸಂಜೆ ನೆಂಟರೆಲ್ಲ ಹೋದ ಮೇಲೆ ಅವಳು ಹಿಂಬಾಗಿಲಿನಿಂದ ಅಂಗಡಿಗೆ ಇಳಿದು ಬಂದಳು. "ಮೇಲೆ ಒಬ್ಬಳೇ ಇರಕ್ಕಾಗ್ತಿಲ್ಲ ಮಾಮ," ಎಂದು ಮೇಜಿನ ಪಕ್ಕ ಕೂತಳು. ಶನಿವಾರಕ್ಕೆ ಕೊಡಬೇಕಾದ ಬಟ್ಟೆ ರಾಶಿ ಬಿದ್ದಿತ್ತು. ಅವನು ಮೆಷಿನ್ ತುಳಿಯುತ್ತಾ ಅದೂ ಇದೂ ಮಾತಾಡಿದ. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಅವಳು ಬಟ್ಟೆಯ ರಾಶಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು.

ಟೈಲರ್ ಮೆಲ್ಲಗೆ ಪೆಡಲಿನಿಂದ ಕಾಲು ತೆಗೆದ. ಸೂಜಿಗೆ ದಾರ ಪೋಣಿಸಿ, ಉದ್ದನೆಯ ಅಂಚನ್ನು ಸದ್ದಿಲ್ಲದೆ ಕೈಯಲ್ಲೇ ಹೊಲಿಯತೊಡಗಿದ.